ಸೆರಗಿನ ಕುಣಿಕೆಗೆ ಇಪ್ಪತ್ತು ಕ್ಲಿಕ್ಕು

ಇಳಕಲ್ ಸೀರೆ ಕೊಳ್ಳಲು ಹೋದವರು ಮೊದಲು ದಡಿ ನೋಡುತ್ತಾರೆ, ಆಮೇಲೆ ಬೆಲೆ ಕೇಳುತ್ತಾರೆ. ಬಲ್ಲವರು ಮಾತ್ರ ಸೀರೆ ಮಗುಚಿ, ಹತ್ತಿಯ ಒಡಲು ಮುಗಿದು ಕೆಂಪು ರೇಷ್ಮೆಯ ಸೆರಗು ಶುರುವಾಗುವ ಗೆರೆಯ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ಟೋಪ ತೆನಿ ಎಂಬ ಜೋಡಣೆ ಇರುವುದು ಅಲ್ಲೇ. ಒಡಲಿನ ಹಾಸಿನ ಎಳೆಗಳೂ ಸೆರಗಿನ ಹಾಸಿನ ಎಳೆಗಳೂ ಒಂದರ ಕುಣಿಕೆಯಲ್ಲಿ ಇನ್ನೊಂದು ಸಿಕ್ಕಿಕೊಂಡು, ಸೂಜಿಯ ಹೊಲಿಗೆಯ ಹಂಗಿಲ್ಲದೆ, ಸೀರೆಯ ಅಗಲಕ್ಕೂ ಸಾಲುಗಟ್ಟಿರುತ್ತವೆ.

ಮೊಬೈಲಿನಲ್ಲಿ ತೆಗೆದರೆ ಈ ಸಾಲು ಬರೀ ಒಂದು ಗೀಟು. ಮ್ಯಾಕ್ರೊ ಲೆನ್ಸ್ ಹಾಕಿದರೆ ಬೇರೆಯದೇ ತಕರಾರು. ವಸ್ತುವನ್ನು ಅದರ ನಿಜ ಗಾತ್ರದಲ್ಲೇ ಸೆನ್ಸರ್ ಮೇಲೆ ಮೂಡಿಸುವಾಗ, ಎಫ್/8 ಇಟ್ಟರೂ ಸ್ಪಷ್ಟವಾಗಿ ಸಿಗುವ ಆಳ ಸುಮಾರು 1 ಮಿಲಿಮೀಟರ್. ಎರಡು ಪಟ್ಟು ಹಿಗ್ಗಿಸಿ ಎಫ್/5.6ಕ್ಕೆ ಬಂದರೆ ಅದು ಕಾಲು ಮಿಲಿಮೀಟರಿಗೆ ಇಳಿಯುತ್ತದೆ. ಮೇಲಿನ ಎಳೆ ನಿಚ್ಚಳ, ಅದರಡಿ ನುಸುಳಿದ ಎಳೆ ಮಸುಕು. ಎಫ್/22ಕ್ಕೆ ಮುಚ್ಚಿಬಿಡೋಣವೆಂದರೆ ಬೆಳಕು ಆ ಸಣ್ಣ ಕಿಂಡಿಯ ಅಂಚಿನಲ್ಲಿ ಬಾಗಿ ಹರಡುತ್ತದೆ. ಆಗ ಮೇಲಿನದೂ ಮಸುಕು, ಕೆಳಗಿನದೂ ಮಸುಕು.

ಇದಕ್ಕೆ ಹುಡುಕಿಕೊಂಡ ಉಪಾಯವೇ ಫೋಕಸ್ ಸ್ಟ್ಯಾಕಿಂಗ್. ಕ್ಯಾಮೆರಾವನ್ನು ತಿರುಪಿನ ರೇಲ್ ಮೇಲೆ ಕೂರಿಸಿ, ಕೂದಲೆಳೆಯಷ್ಟು ಮುಂದೆ ಸರಿಸುತ್ತ ಒಂದೊಂದೇ ಚಿತ್ರ ತೆಗೆಯುವುದು. ಪ್ರತಿ ಚಿತ್ರದಲ್ಲೂ ಒಂದು ತೆಳು ಪದರ ಮಾತ್ರ ಸ್ಪಷ್ಟ. ಅಷ್ಟನ್ನೂ ಪೇರಿಸಿ, ಪ್ರತಿಯೊಂದರ ಸ್ಪಷ್ಟ ಭಾಗವನ್ನಷ್ಟೇ ಆರಿಸಿ ಕೂಡಿಸುವುದು ಕಂಪ್ಯೂಟರಿನ ಕೆಲಸ. ಟೋಪ ತೆನಿಯ ಉಬ್ಬುತಗ್ಗು ಸೇರಿ ಎರಡು ಮಿಲಿಮೀಟರ್ ಎಂದಿಟ್ಟುಕೊಂಡು, ಹೆಜ್ಜೆಗೆ 0.1 ಮಿಲಿಮೀಟರ್ ಸರಿಸಿದರೆ ಇಪ್ಪತ್ತು ಕ್ಲಿಕ್ಕು. 36 ಚಿತ್ರಗಳ ಫಿಲ್ಮ್ ರೋಲಿನ ಕಾಲದಲ್ಲಿ ಇಂಥ ದುಂದು ಯಾರ ಕೈಗೂ ಎಟುಕುತ್ತಿರಲಿಲ್ಲ. ಸೀರೆಯ ಊರಾದ ಇಳಕಲ್‌ನದೇ ಕೆಂಪು ಗ್ರಾನೈಟಿಗೆ ಈ ಫಜೀತಿಯೇ ಇಲ್ಲ. ಪಾಲಿಶ್ ಆದ ಕಲ್ಲು ಸಪಾಟು, ಒಂದೇ ಕ್ಲಿಕ್ಕಿನಲ್ಲಿ ಹರಳುಗಳೆಲ್ಲ ಕಾಣುತ್ತವೆ. ಮೆತ್ತನೆಯ ಬಟ್ಟೆಯೇ ಹಠಮಾರಿ.

ಹಠ ಒಂದೆರಡಲ್ಲ. ರೇಷ್ಮೆ ಮಿರುಗುತ್ತದೆ, ಹಾಗಾಗಿ ಫ್ಲ್ಯಾಶಿಗೆ ಟ್ರೇಸಿಂಗ್ ಪೇಪರ್ ಅಡ್ಡ ಕಟ್ಟಬೇಕು. ಕಡುಗೆಂಪು ಬಣ್ಣ ಸೆನ್ಸರನ್ನು ಬೇಗ ತುಂಬಿಸಿ ಎಳೆಗಳ ಗೆರೆಯನ್ನೇ ನುಂಗಿಬಿಡುತ್ತದೆ, ಹಾಗಾಗಿ ಬೆಳಕು ಒಂದಿಷ್ಟು ಕಡಿಮೆ ಇಡಬೇಕು. ಮಗ್ಗವಿರುವ ಮನೆಯಲ್ಲೇ ಚಿತ್ರ ತೆಗೆಯುವುದಾದರೆ ಟ್ರೈಪಾಡ್ ಎಷ್ಟೇ ಗಟ್ಟಿಯಿದ್ದರೂ ಸಾಲದು. ಕುಣಿಮಗ್ಗದ ಬಡಿತ ನೆಲದಿಂದಲೇ ಏರಿ ಬರುತ್ತದೆ. ಕಾಲು ಮಿಲಿಮೀಟರಿನ ಲೆಕ್ಕದಲ್ಲಿ ಆ ನಡುಕ ಭೂಕಂಪವೇ ಸರಿ. ನೇಕಾರರು ಊಟಕ್ಕೆ ಏಳುವ ತನಕ ಕಾಯುವುದು ಮೇಲು.

ಮುಂದಿನದು ತಂತ್ರಾಂಶದ ಪಾಲು. ಉಕ್ರೇನಿನ ಹಾರ್ಕಿವ್‌ನಿಂದ ಬಂದ ಹೆಲಿಕಾನ್ ಫೋಕಸ್, ಅಮೆರಿಕದ ರಿಕ್ ಲಿಟಲ್‌ಫೀಲ್ಡ್ ಬರೆದ ಝಿರೀನ್ ಸ್ಟ್ಯಾಕರ್ ಹೆಚ್ಚು ಬಳಕೆಯಲ್ಲಿವೆ. ಎಳೆಯ ಮೇಲೆ ಎಳೆ ಅಡ್ಡಬರುವಲ್ಲಿ ಝಿರೀನ್‌ನ ಪಿ-ಮ್ಯಾಕ್ಸ್ ವಿಧಾನ ಗೆಲ್ಲುತ್ತದೆ, ಆದರೆ ಬಣ್ಣ ಸ್ವಲ್ಪ ಒರಟಾಗುತ್ತದೆ. ಅದರದೇ ಇನ್ನೊಂದು ವಿಧಾನ ಡಿ-ಮ್ಯಾಪ್ ಕೆಂಪನ್ನು ಕೆಂಪಾಗಿಯೇ ಉಳಿಸುತ್ತದೆ, ಆದರೆ ಎಳೆಗಳ ಅಂಚಿಗೆ ಮಸುಕು ಬಳೆ ಮೆತ್ತುತ್ತದೆ. ಎರಡನ್ನೂ ಮಾಡಿಸಿ, ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬುತ್ತ ಮೌಸ್ ಹಿಡಿದು ಕೂರುವುದೂ ಒಂಥರಾ ನೇಯ್ಗೆಯೇ.

ಜಗತ್ತು ಈ ವಿದ್ಯೆಯನ್ನು ಮೆಚ್ಚಿದ್ದು ಹುಳುಗಳಿಂದ. ಬ್ರಿಟನ್ನಿನ ಲೆವಾನ್ ಬಿಸ್ 2016ರಲ್ಲಿ ಆಕ್ಸ್‌ಫರ್ಡ್ ಮ್ಯೂಸಿಯಂನಲ್ಲಿ ತೋರಿಸಿದ ಕೀಟಚಿತ್ರಗಳಲ್ಲಿ ಒಂದೊಂದಕ್ಕೂ ಎಂಟು ಸಾವಿರಕ್ಕೂ ಮಿಕ್ಕಿ ಕ್ಲಿಕ್ಕುಗಳು, ನಡುವೆ 10 ಮೈಕ್ರಾನಿನ ಹೆಜ್ಜೆ. ನಮ್ಮಲ್ಲಿ ಇದು ಪ್ರಯೋಗಾಲಯಕ್ಕೂ ಬಂದಿದೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಲ್ಲಿದ್ದ ಜೆ. ಪೂರಣಿ ಗುಲಗಂಜಿ ಹುಳುಗಳ ತಜ್ಞೆ. ಅವರ ಹಲವು ಪ್ರಬಂಧಗಳ ಚಿತ್ರಗಳು ಹೀಗೆ ಪೇರಿಸಿ ಮಾಡಿದವು, ಅದಕ್ಕೆ ಬಳಸಿದ್ದು ಕಂಬೈನ್ ಝಡ್‌ಪಿ ಎಂಬ ಬಿಟ್ಟಿ ತಂತ್ರಾಂಶ. ಮೇಲ್ನೋಟಕ್ಕೆ ಒಂದೇ ತೆರನಾಗಿ ಕಾಣುವ ಈ ಹುಳುಗಳ ಜಾತಿ ಗುರುತಿಸಲು ಒಳಗಿನ ಜನನಾಂಗವನ್ನೇ ಬಿಡಿಸಿ ನೋಡಬೇಕು. ಅಲ್ಲಿ ಮಸುಕು ಚಿತ್ರ ಏನೂ ಹೇಳದು. ಇಳಕಲ್ ಇರುವ ಬಾಗಲಕೋಟೆ ಜಿಲ್ಲೆಯ ದಾಳಿಂಬೆ ಬೆಳೆಗಾರರಿಗೂ ಇದು ದೂರದ ಸಂಗತಿಯಲ್ಲ. ದಾಳಿಂಬೆಯನ್ನು ಕಾಡುವ ಹಿಟ್ಟುತಿಗಣೆಯನ್ನು ತಿಂದು ಮುಗಿಸುವ ಒಂದು ಗುಲಗಂಜಿ ಹುಳುವನ್ನು ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದದ್ದು 1898ರಲ್ಲಿ.

ಜೀವಂತ ಹುಳ ಮಾತ್ರ ಸುಮ್ಮನೆ ಕೂರದು. ಬಾದಾಮಿಯ ಬಂಡೆಗಳ ಸಂದಿಯ ಹುಲ್ಲಿನಲ್ಲಿ, ಚಳಿಗಾಲದ ನಸುಕಿನಲ್ಲಿ, ಮೈಮೇಲೆ ಇಬ್ಬನಿ ಹೊತ್ತು ಮರಗಟ್ಟಿದ ಹುಳಗಳು ಒಂದಷ್ಟು ಹೊತ್ತು ಅವಕಾಶ ಕೊಡುತ್ತವೆ. ಬಿಸಿಲು ಕೆಂಪು ಬಂಡೆ ತಾಗಿತೋ, ಹತ್ತನೇ ಕ್ಲಿಕ್ಕಿಗೆ ಮೀಸೆ ಅಲುಗುತ್ತದೆ, ಅಲ್ಲಿಗೆ ಆ ಪೇರಿಕೆ ಹಾಳು.

ಸೀರೆ ಎಲ್ಲಿಗೂ ಹಾರಿಹೋಗದು. ಆದರೆ ಅದಕ್ಕೂ ಒಂದು ಅವಸರವಿದೆ. ಹಾಸು ಉದ್ದವಾದಷ್ಟೂ ಪವರ್‌ಲೂಮಿಗೆ ಲಾಭ. ಟೋಪ ತೆನಿಯ ಹಾಸಾದರೋ ಆರು, ಎಂಟು ಅಥವಾ ಒಂಬತ್ತು ಗಜಕ್ಕೆ, ಅಂದರೆ ಒಂದೇ ಸೀರೆಗೆ ಮುಗಿಯುತ್ತದೆ. ದಡಿ ಬೇರೆ, ಒಡಲು ಬೇರೆ ಬಣ್ಣವಾಗಿ ಕೂಡಲು ಮೂರು ಲಾಳಿ ಆಡಿಸುವ ಕೊಂಡಿ ವಿಧಾನವೂ ಅಷ್ಟೇ ನಿಧಾನ. ಸೀರೆಗೆ ಜಿಐ ಮಾನ್ಯತೆ ಸಿಕ್ಕಿದೆ ನಿಜ, ಅಂಗಡಿಯಲ್ಲಿ ಸೀರೆ ಮಗುಚಿ ನೋಡುವವರು ಬೇಕಲ್ಲ. ಪೇರಿಸಿ ತೆಗೆದ ಚಿತ್ರವೊಂದನ್ನು ಅಂಗಡಿಯ ಗೋಡೆಗೆ ಹಾಕಿದರೆ, ಯಾವ ಎಳೆ ಯಾವುದರೊಳಗೆ ಹೊಕ್ಕಿದೆ ಎಂಬುದನ್ನು ಕೊಳ್ಳುವವರೂ ಬೆರಳಿಟ್ಟು ತೋರಿಸಬಹುದು. ಅದನ್ನು ಹೊಗಿಸಿದ ಬೆರಳಿನ ತಿರುವು ಮಾತ್ರ ಆ ಇಪ್ಪತ್ತು ಕ್ಲಿಕ್ಕುಗಳ ನಡುವೆ ಎಲ್ಲೂ ಸಿಗುವುದಿಲ್ಲ.

ಊಟ ಮುಗಿಸಿ ನೇಕಾರರು ಮತ್ತೆ ಕುಣಿಗೆ ಇಳಿಯುತ್ತಾರೆ. ಒಂದು ಸೀರೆ ಕತ್ತರಿಸಿ ತೆಗೆದದ್ದೇ, ಮುಂದಿನ ಹಾಸು, ಮತ್ತೆ ಮೊದಲ ಎಳೆಯ ಕುಣಿಕೆ.