ಎರಡು ರಾತ್ರಿಗಳ ದೂರ

ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಸುಮಾರು ಮೂರು ಗಂಟೆ ಸಾಕು. ಆದರೂ 2018ರ ಡಿಸೆಂಬರ್‌ನಲ್ಲಿ ನಾನು ಕರ್ನಾಟಕ ಎಕ್ಸ್‌ಪ್ರೆಸ್ಸನ್ನೇ ಹತ್ತಿದೆ. ಸರಿಸುಮಾರು 2,400 ಕಿಲೋಮೀಟರ್. ಎರಡು ರಾತ್ರಿ, ನಡುವೆ ಒಂದು ಪೂರ್ಣ ಹಗಲು. ಜೊತೆಗೆ ಯಾರೂ ಇರಲಿಲ್ಲ. ಹೋಗಬೇಕಿದ್ದುದು ಅಣ್ಣನ ಮನೆಗೆ. ಊರಿನ ಜಮೀನಿನ ಪಾಲಿನ ವಿಷಯದಲ್ಲಿ ನಾವಿಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷಗಳಾಗಿದ್ದವು. ಅವನಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿದೆಯೆಂದು ಅತ್ತಿಗೆ ಫೋನ್ ಮಾಡಿದ್ದರು. ನಿಜ ಹೇಳಬೇಕೆಂದರೆ, ನಾನು ರೈಲನ್ನು ಆರಿಸಿಕೊಂಡದ್ದು ಪಯಣದ ಆಸೆಯಿಂದಲ್ಲ, ತಲುಪುವುದನ್ನು ಆದಷ್ಟು ಮುಂದೂಡುವ ಆಸೆಯಿಂದ.

ಒಂಟಿ ಪಯಣಿಗನ ಮೊದಲ ಸುಖ ಅನಾಮಧೇಯತೆ. ಬೋಗಿಯೊಳಗೆ ನಾನು ಯಾರ ತಂದೆಯೂ ಅಲ್ಲ, ಯಾರ ಮೇಲಧಿಕಾರಿಯೂ ಅಲ್ಲ, ಮುನಿಸಿಕೊಂಡ ತಮ್ಮನೂ ಅಲ್ಲ. ಚಾರ್ಟಿನಲ್ಲಿರುವ ಒಂದು ಬರ್ತ್ ಸಂಖ್ಯೆ, ಅಷ್ಟೆ. ಎದುರಿನವರು ‘ಎಲ್ಲಿಯವರೆಗೆ?’ ಎಂದು ಕೇಳುತ್ತಾರೆಯೇ ಹೊರತು ‘ಏಕೆ?’ ಎಂದು ಕೇಳುವುದಿಲ್ಲ.

ಕೃಷ್ಣೆಯನ್ನು ದಾಟಿದ್ದು ಕತ್ತಲಲ್ಲಿ. ನದಿ ಕಾಣಲಿಲ್ಲ, ಕೇಳಿಸಿತು: ಗಾಲಿಗಳ ಸದ್ದು ಒಮ್ಮೆಲೇ ಬದಲಾಗಿ, ಸೇತುವೆ ಮುಗಿದೊಡನೆ ಮತ್ತೆ ಮೊದಲಿನಂತಾಯಿತು. ಸೊಲ್ಲಾಪುರದ ಸುತ್ತ ಬೆಳಗಾದಾಗ ಕಿಟಕಿಯ ಹೊರಗೆ ಜೋಳದ ಹೊಲಗಳು. ನಿಲ್ದಾಣದ ಫಲಕಗಳ ಮೇಲೆ ಕನ್ನಡ ಕಣ್ಮರೆಯಾಗಿ ಮರಾಠಿ ಬಂದಿತ್ತು. ಮಧ್ಯಾಹ್ನ ಮನ್ಮಾಡ್ ತಲುಪುವವರೆಗೂ ನನ್ನ ಮನಸ್ಸು ವಕೀಲನಂತೆ ವಾದಗಳನ್ನು ಜೋಡಿಸುತ್ತಲೇ ಇತ್ತು. ಆದರೆ ಎಂಥ ವಾದವೂ ಕೇಳುವವರಿಲ್ಲದೆ ಇಡೀ ಹಗಲು ನಿಲ್ಲಲಾರದು.

ಸಂಜೆ ಭುಸಾವಳದಲ್ಲಿ ಹುಡುಗನೊಬ್ಬ ನೀರಿನ ಬಾಟಲಿ ಹಿಡಿದು, ಹೊರಟ ರೈಲಿನತ್ತ ಓಡಿಬಂದ. ಐವತ್ತು ವರ್ಷಗಳ ಹಿಂದಿನ ಗುಂತಕಲ್ಲು ಕಣ್ಣಮುಂದೆ ಬಂತು. ತಿರುಗಣೆ ಮುಚ್ಚಳದ ಕೂಜಾ ಹಿಡಿದು ನೀರಿಗೆಂದು ಇಳಿದಿದ್ದ ಅಣ್ಣ. ಅಷ್ಟರಲ್ಲಿ ರೈಲು ಚಲಿಸಿತ್ತು. ಅವನು ಮುಂದಿನ ನಿಲ್ದಾಣದಲ್ಲಿ ಹಿಂದಿನ ಬೋಗಿಯಿಂದ ಇಳಿದು ಓಡಿಬರುವವರೆಗೆ ನಾನು ಅತ್ತ ಅಳುವಿನ ಎದುರು ಎರಡು ಎಕರೆ ಜಮೀನು ಎಷ್ಟರದು? ರಾತ್ರಿ ನರ್ಮದೆ ಬಂದಾಗ ನನ್ನಲ್ಲಿ ಒಂದು ವಾದವೂ ಉಳಿದಿರಲಿಲ್ಲ. ನಿದ್ದೆ ಬಂತು.

ವೇಗದ ರೈಲುಗಳು ಬೇಡವೆನ್ನುವವನು ನಾನಲ್ಲ. ಆಸ್ಪತ್ರೆಗೆ, ಪರೀಕ್ಷೆಗೆ, ಕೆಲಸಕ್ಕೆ ಓಡುವವರಿಗೆ ಗಂಟೆಗಳು ಉಳಿಯಲೇಬೇಕು. ಆದರೆ ಮೂರು ಗಂಟೆಯಲ್ಲಿ ತಲುಪಿದ್ದರೆ ನಾನು ಸಿಟ್ಟನ್ನೂ ಹಾಗೇ ಹೊತ್ತೊಯ್ಯುತ್ತಿದ್ದೆ. ಅದನ್ನು ಇಳಿಸಲು ನನಗೆ ಆ ಎರಡು ರಾತ್ರಿಗಳು ಬೇಕಿದ್ದವು.

ಬಾಗಿಲು ತೆರೆದ ಅಣ್ಣ ತೀರ ಸೊರಗಿದ್ದ. ‘ಟ್ರೈನಲ್ಲಿ ಯಾಕೋ ಬಂದೆ? ಸುಸ್ತಾಗಲಿಲ್ವೇನೋ?’ ಎಂದ. ಒಂಬತ್ತು ವರ್ಷಗಳ ಬಳಿಕ ಕೇಳಿದ ಮೊದಲ ಮಾತು ಅದು.

ಜಮೀನಿನ ಲೆಕ್ಕ ಇಂದಿಗೂ ಬಗೆಹರಿದಿಲ್ಲ. ಆದರೆ ಪ್ರತಿ ಭಾನುವಾರ ಅವನ ಫೋನ್ ಬರುತ್ತದೆ.