ಗಡಿ ದಾಟುವ ಕನ್ನಡ: ರೇಡಿಯೋ ಅಲೆಯ ವೇಗ ಲೆಕ್ಕ ಹಾಕೋದು ಹೇಗೆ?

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಹೋಯಿತು. ಬಳ್ಳಾರಿ ಮೈಸೂರಿಗೆ ಸೇರಿದರೆ, ಆದೋನಿ, ಆಲೂರು ತಾಲೂಕುಗಳು ಆಂಧ್ರದ ಪಾಲಾದವು. ಇಂದು ಅವು ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗ. ಅಲ್ಲಿನ ಎಷ್ಟೋ ಮನೆಗಳಲ್ಲಿ ಈಗಲೂ ಕನ್ನಡವೇ ಮಾತು. ಗಡಿ ಬದಲಾಯಿತು, ಆದರೆ ರೇಡಿಯೋ ಅಲೆಗೆ ಗಡಿ ಗೊತ್ತಿಲ್ಲ. ಧಾರವಾಡ ಆಕಾಶವಾಣಿಯ ಕನ್ನಡ ಸುಮಾರು 250 ಕಿಲೋಮೀಟರ್ ದಾಟಿ ಆದೋನಿ ತಲುಪುವುದು ಹೇಗೆ? ಹೈಸ್ಕೂಲಿನ ಒಂದು ಸಣ್ಣ ಸೂತ್ರ ಇದಕ್ಕೆ ಉತ್ತರ ಕೊಡುತ್ತದೆ.

ಒಂದು ಸೆಕೆಂಡಿಗೆ ಎಷ್ಟು ಅಲೆ ಹೊರಡುತ್ತವೆ ಅನ್ನೋದು ಆವೃತ್ತಿ. ಅದರ ಅಳತೆ ಹರ್ಟ್ಸ್. ಒಂದು ಅಲೆಯ ಉದ್ದ ತರಂಗದೂರ. ಎರಡನ್ನೂ ಗುಣಿಸಿದರೆ ವೇಗ ಸಿಗುತ್ತದೆ.

ಆದೋನಿ ಸ್ಟೇಷನ್ನಿನಲ್ಲಿ ರೈಲು ಹಾರ್ನ್ ಹಾಕಿತು ಅಂದುಕೊಳ್ಳಿ. ಸೆಕೆಂಡಿಗೆ 340 ಅಲೆ, ಒಂದೊಂದೂ 1 ಮೀಟರ್ ಉದ್ದ. 340 × 1 = 340. ಅಂದರೆ ಶಬ್ದ ಸೆಕೆಂಡಿಗೆ 340 ಮೀಟರ್ ಓಡಿತು. ಈ ವೇಗದಲ್ಲಿ ಧಾರವಾಡದಿಂದ ಆದೋನಿಗೆ ಬರಲು 12 ನಿಮಿಷ ಬೇಕು!

ಈಗ ರೇಡಿಯೋ. ಧಾರವಾಡದ ಮೀಡಿಯಂ ವೇವ್ ಆವೃತ್ತಿ 765 ಕಿಲೋಹರ್ಟ್ಸ್, ತರಂಗದೂರ ಸುಮಾರು 392 ಮೀಟರ್. ಮೊದಲು ಕಿಲೋಹರ್ಟ್ಸನ್ನು ಹರ್ಟ್ಸ್ ಮಾಡಿ. ಪರೀಕ್ಷೆಯಲ್ಲಿ ಹೆಚ್ಚಿನವರು ಅಂಕ ಕಳಕೊಳ್ಳೋದು ಇಲ್ಲೇ.

7,65,000 × 392 = 29,98,80,000. ಸೆಕೆಂಡಿಗೆ ಹತ್ತಿರಹತ್ತಿರ 30 ಕೋಟಿ ಮೀಟರ್, ಬೆಳಕಿನ ವೇಗ. ಧಾರವಾಡದ ಮಾತು ಆದೋನಿಗೆ ಬರಲು ಒಂದು ಸೆಕೆಂಡಿನ ಸಾವಿರದ ಒಂದು ಭಾಗವೂ ಬೇಡ.

ನಮ್ಮ ಮಂಗಳೂರು ಆಕಾಶವಾಣಿಯ ಎಫ್.ಎಂ. ನೋಡಿ: 100.3 ಮೆಗಾಹರ್ಟ್ಸ್, ತರಂಗದೂರ 2.99 ಮೀಟರ್. ಗುಣಿಸಿದರೆ ಮತ್ತೆ ಸುಮಾರು 30 ಕೋಟಿಯೇ! ಆವೃತ್ತಿ ನೂರು ಪಟ್ಟಿಗಿಂತ ಜಾಸ್ತಿಯಾದರೂ ವೇಗ ಏರಲಿಲ್ಲ, ಅಲೆ ಗಿಡ್ಡವಾಯಿತು ಅಷ್ಟೆ. ವೇಗವನ್ನು ತೀರ್ಮಾನಿಸೋದು ಅಲೆ ಸಾಗುವ ಮಾಧ್ಯಮ, ಆವೃತ್ತಿ ಅಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿ? ಉದ್ದದಲ್ಲಿ. 392 ಮೀಟರಿನ ಅಲೆ ನೆಲಕ್ಕೆ ಒರಗಿಕೊಂಡು, ಭೂಮಿಯ ಬಾಗಿನ ಜೊತೆ ಬಾಗಿ ಬಹುದೂರ ಹೋಗುತ್ತದೆ. ರಾತ್ರಿಯಾದರೆ ಆಕಾಶದ ಮೇಲಿನ ಪದರಕ್ಕೆ ತಾಗಿ ವಾಪಸ್ ಕೆಳಗಿಳಿದು ಇನ್ನೂ ದೂರ ಕೇಳಿಸುತ್ತದೆ. 3 ಮೀಟರಿನ ಎಫ್.ಎಂ. ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ. ಸದ್ದು ಸ್ವಚ್ಛ, ಆದರೆ ದಿಗಂತದ ಆಚೆಗೆ ಬೇಗ ಸೋಲುತ್ತದೆ.

ದೇಶದಲ್ಲಿ ಹಳೆಯ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳು ಒಂದೊಂದಾಗಿ ಮುಚ್ಚಿ, ಎಫ್.ಎಂ. ಹೆಚ್ಚುತ್ತಿದೆ. ಪೇಟೆಯವರಿಗೆ ಇದು ಲಾಭವೇ. ಆದರೆ ಗಡಿಯಾಚೆಗಿನ ಹಳ್ಳಿಯ ಕನ್ನಡಿಗನಿಗೆ ಉದ್ದದ ಅಲೆ ನಿಂತರೆ, ಇಂಟರ್ನೆಟ್ ಇಲ್ಲದ ಕಡೆ ತಾಯ್ನುಡಿಯ ಒಂದು ದನಿಯೇ ನಿಂತಂತೆ. ಹಾಗಾಗಿ ಯಾವ ಅಲೆ ಉಳಿಯಬೇಕು ಎಂಬ ಚರ್ಚೆಗೂ ಈ ಲೆಕ್ಕ ಗೊತ್ತಿರಬೇಕು.

ಮಕ್ಕಳೇ, ಈಗ ನಿಮ್ಮ ಸರದಿ. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್, ತರಂಗದೂರ ಸುಮಾರು 490 ಮೀಟರ್. ಗುಣಿಸಿ ನೋಡಿ, ಧಾರವಾಡದ ಉತ್ತರವೇ ಬರುತ್ತದಾ?