ಶಾಲೆಗೆ ಹೋಗಲಾರದ ಮಕ್ಕಳ ವಿದ್ಯಾಭ್ಯಾಸ

ಮಕ್ಕಳಿಗೆ ವಿದ್ಯೆ ಬೇಕೆಂಬ ಮಾತನ್ನು ಈಗ ಯಾರಿಗೂ ಹೇಳಿ ಒಪ್ಪಿಸಬೇಕಾಗಿಲ್ಲ. ಆರು ವರ್ಷ ತುಂಬಿದ ಕೂಡಲೆ ಮಗುವನ್ನು ಶಾಲೆಗೆ ಕಳಿಸುವದು ಬಡವರ ಮನೆಯಲ್ಲಿಯೂ ರೂಢಿಯಾಗಿ ಹೋಗಿದೆ. ಆದರೆ ಊರಿನ ಮಕ್ಕಳೆಲ್ಲ ಪಾಟಿಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಟ ಹೊತ್ತಿನಲ್ಲಿ ಹೊಸ್ತಿಲೊಳಗೇ ಉಳಿದುಬಿಡುವ ಮಗುವೊಂದು ಅಲ್ಲಲ್ಲಿ ಇದ್ದೇ ಇರುವದು. ಒಂದರ ಕಾಲಿನಲ್ಲಿ ಬಲವಿಲ್ಲ. ಒಂದಕ್ಕೆ ಕಣ್ಣು ಕಾಣದು. ಇನ್ನೊಂದರ ಬುದ್ಧಿಯು ವಯಸ್ಸಿಗೆ ತಕ್ಕಂತೆ ಬೆಳೆದಿಲ್ಲ. ಮತ್ತೊಂದು ಬಹುದಿನದ ಬೇನೆಯಿಂದ ಹಾಸಿಗೆ ಹಿಡಿದಿದೆ. “ಅದರ ಹಣೆಯಲ್ಲಿ ವಿದ್ಯೆ ಬರೆದಿಲ್ಲ” ಎಂದು ನಿಟ್ಟುಸಿರುಬಿಟ್ಟು ಸುಮ್ಮನಾಗುವ ತಾಯಿತಂದೆಗಳು ಇಂದಿಗೂ ಇರುವರು. ಆ ಮಾತು ನಿಜವಲ್ಲ. ಶಾಲೆಗೆ ಹೋಗಲಾರದ ಮಗುವಿನ ಬಳಿಗೆ ವಿದ್ಯೆಯೇ ನಡೆದು ಬರುವ ದಾರಿಯೊಂದಿದೆ. ಆದರೆ ಅದರ ಬಾಗಿಲನ್ನು ಒಳಗಿನಿಂದ ತೆರೆಯಬೇಕಾದವರು ಮನೆಯವರೇ.

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯನ್ನೇ ನೋಡೋಣ. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರೆಯಾದ ಈ ಜಿಲ್ಲೆಯಲ್ಲಿ ರೋಣ, ನರಗುಂದಗಳು ಹಳೆಯ ತಾಲೂಕುಗಳು. ಗಜೇಂದ್ರಗಡವು ರೋಣದಿಂದ ಈಚೆಗೆ ಬೇರೆಯಾದುದು. ಜೋಳ, ಹತ್ತಿ, ಕಡಲೆ ಬೆಳೆಯುವ ಎರೆಯ ನೆಲ ಇಲ್ಲಿ ಬಹಳ. ಎರಡು ಮಳೆ ಬಿದ್ದರೆ ಸಾಕು, ಹೊಲದ ಹಾದಿಯಲ್ಲಿ ಮಣ್ಣು ಕಾಲಿಗೆ ಮೆತ್ತಿ ದೊಡ್ಡವರೇ ಹೆಜ್ಜೆ ಕೀಳಲಾರರು. ಮಲಪ್ರಭೆಯೂ ಬೆಣ್ಣಿಹಳ್ಳವೂ ಉಕ್ಕಿದಾಗ ದಂಡೆಯ ಊರುಗಳ ಪಾಡು ಏನಾಗುವದೆಂಬದನ್ನು 2019ರ ಆಗಸ್ಟಿನ ನೆರೆಯಲ್ಲಿ ಎಲ್ಲರೂ ಕಂಡರು. ಮಳೆ ಕೈಕೊಟ್ಟ ವರ್ಷವಾದರೋ ಕೂಲಿಯನ್ನರಸಿ ಗೋವೆ, ಮಂಗಳೂರುಗಳ ಕಡೆಗೆ ಗುಳೆ ಹೋಗುವ ಕುಟುಂಬಗಳುಂಟು. ಗಟ್ಟಿಮುಟ್ಟಾದ ಮಗುವಿಗೇ ಇಷ್ಟು ತೊಡಕಿರುವಲ್ಲಿ, ಎತ್ತಿಕೊಂಡೇ ಒಯ್ಯಬೇಕಾದ ಮಗುವಿನ ಗತಿಯನ್ನು ಬೇರೆ ಹೇಳಬೇಕೆ? ಮಗು ಚಿಕ್ಕದಿದ್ದಾಗ ತಾಯಿ ಕಂಕುಳಲ್ಲಿ ಒಯ್ದಾಳು. ಅದಕ್ಕೆ ಹತ್ತು ವರ್ಷವಾಗಿ ಮೈ ತೂಕ ಏರಿದ ಮೇಲೆ ಅವಳ ನಡವೇ ಸೋತುಹೋಗುವದು.

ಮನೆಯಂಗಳದಲ್ಲಿ ಪಾಠ ನಡೆಯುವದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಸರಕಾರಿ ಶಾಲೆಗಳು ಹುಟ್ಟುವ ಮೊದಲು ಗಾಂವಠಿ ಶಾಲೆಗಳಿದ್ದುವು. ಮಠದಲ್ಲಿಯೋ, ಗುಡಿಯ ಕಟ್ಟೆಯ ಮೇಲೋ, ಯಾವನೊಬ್ಬ ಗೃಹಸ್ಥನ ಪಡಸಾಲೆಯಲ್ಲಿಯೋ ಹುಡುಗರು ಉಸುಕು ಹರವಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮುಂದೆ ಡೆಪ್ಯುಟಿ ಚನ್ನಬಸಪ್ಪನವರಂತಹ (1834–1881) ಹಿರಿಯರ ದುಡಿಮೆಯಿಂದ ಈ ಭಾಗದಲ್ಲಿ ಕನ್ನಡ ಶಾಲೆಗಳು ಹಬ್ಬಿದುವು. ಅದರಿಂದಾದ ಉಪಕಾರಕ್ಕೆ ಅಳತೆಯಿಲ್ಲ. ಆದರೂ ಗಂಟೆ, ತರಗತಿ, ಪರೀಕ್ಷೆಗಳೆಂಬ ಕಟ್ಟಿನೊಳಗೆ ನೂರು ಮಕ್ಕಳು ಹಿಡಿಸಿದರೆ ಒಂದೆರಡು ಮಕ್ಕಳು ಹೊರಗುಳಿದುವು. ಬಹುಕಾಲ ಅವುಗಳ ಲೆಕ್ಕವನ್ನು ಯಾರೂ ಕೇಳಲಿಲ್ಲ.

ಈಗ ಕಾಯದೆಯು ಆ ಲೆಕ್ಕವನ್ನು ಕೇಳುತ್ತಿದೆ. 2009ರಲ್ಲಿ ಆದ ಶಿಕ್ಷಣ ಹಕ್ಕಿನ ಕಾಯದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದು, 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಶಿಕ್ಷಣವು ಹಕ್ಕೆಂದು ಸಾರಿತು. 2012ರ ತಿದ್ದುಪಡಿಯು ತೀವ್ರವಾದ ಅಥವಾ ಒಂದಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳ ಮಗುವು ಮನೆಯಲ್ಲಿಯೇ ಶಿಕ್ಷಣ ಪಡೆಯುವದನ್ನು ಆರಿಸಿಕೊಳ್ಳಬಹುದೆಂದು ಹೇಳಿತು. 2016ರ ಅಂಗವಿಕಲರ ಹಕ್ಕುಗಳ ಕಾಯದೆಯು 21 ಬಗೆಯ ನ್ಯೂನತೆಗಳನ್ನು ಗುರುತಿಸಿ, ಶೇಕಡಾ 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯುಳ್ಳ ಮಕ್ಕಳಿಗೆ ಈ ಹಕ್ಕನ್ನು 18 ವರ್ಷದ ವರೆಗೆ ಬೆಳೆಸಿತು. ಸರ್ವ ಶಿಕ್ಷಾ ಅಭಿಯಾನದಲ್ಲಿ ನಡೆದು ಬಂದ ಈ ಕೆಲಸವನ್ನು 2018ರಿಂದ ಸಮಗ್ರ ಶಿಕ್ಷಣವೆಂಬ ಯೋಜನೆಯು ವಹಿಸಿಕೊಂಡಿದೆ. ಇದಕ್ಕೆ ಗೃಹಾಧಾರಿತ ಶಿಕ್ಷಣವೆಂದು ಹೆಸರು.

ಮನೆಯವರು ಮಾಡತಕ್ಕುದೇನು? ಮೊದಲು ಮಗುವಿನ ಹೆಸರನ್ನು ಹತ್ತಿರದ ಸರಕಾರಿ ಶಾಲೆಯಲ್ಲಿ ಹಚ್ಚಿಸಬೇಕು. ಮನೆಯಲ್ಲಿ ಕಲಿಯುವ ಮಗುವೂ ಆ ಶಾಲೆಯ ವಿದ್ಯಾರ್ಥಿಯೇ. ಬಳಿಕ ಮುಖ್ಯಾಧ್ಯಾಪಕರ ಮುಖಾಂತರ ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಸುದ್ದಿ ಮುಟ್ಟಿಸಬೇಕು. ವಿಶೇಷ ಮಕ್ಕಳ ಶಿಕ್ಷಣದಲ್ಲಿ ತರಬೇತಿ ಹೊಂದಿದ ಸಂಪನ್ಮೂಲ ಶಿಕ್ಷಕರು ಆ ಕೇಂದ್ರದವರು. ಗ್ರಾಮ ಪಂಚಾಯತಿಯಲ್ಲಿರುವ ಪುನರ್ವಸತಿ ಕಾರ್ಯಕರ್ತರು ವೈದ್ಯರ ಪ್ರಮಾಣಪತ್ರ, ಗುರುತಿನ ಚೀಟಿ, ಮಾಸಾಶನಗಳ ಕೆಲಸದಲ್ಲಿ ನೆರವಾಗುವರು. ಅಂಗವೈಕಲ್ಯವುಳ್ಳ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳ ವಿದ್ಯಾರ್ಥಿವೇತನವೂ ಈ ಯೋಜನೆಯಲ್ಲಿದೆ. ಇದನ್ನೆಲ್ಲ ಬೇಡುವದರಲ್ಲಿ ನಾಚಿಕೆಯೇನೂ ಇಲ್ಲ. ಇದು ದಾನವಲ್ಲ, ಮಗುವಿನ ಪಾಲು.

ಇನ್ನು ಪಾಠದ ಮಾತು. ಮನೆಗೆ ಬಂದ ಶಿಕ್ಷಕಿಯು ಮೊದಲ ದಿನವೇ ಪುಸ್ತಕ ತೆರೆಯದಿದ್ದರೆ ಮನೆಯವರು ಬೇಸರಪಡಬಾರದು. ಮಗುವು ಆಸರೆಯಿಲ್ಲದೆ ಎಷ್ಟು ಹೊತ್ತು ಕುಳಿತೀತು, ತುತ್ತನ್ನು ತಾನೇ ಎತ್ತೀತೇ, ಹೆಸರು ಕರೆದರೆ ತಿರುಗಿ ನೋಡೀತೇ ಎಂಬದನ್ನು ಆಕೆಯು ಮೊದಲು ಅರಿಯಬೇಕು. ಆ ಮೇಲೆಯೇ ಆ ಒಂದು ಮಗುವಿಗಾಗಿ ಒಂದು ಕ್ರಮವನ್ನು ಗೊತ್ತುಪಡಿಸುವಳು. ಗುಂಡಿ ಹಾಕಿಕೊಳ್ಳುವದು, ಹಲ್ಲುಜ್ಜುವದು, ಹೊರಕಡೆಗೆ ಹೋಗಬೇಕಾದಾಗ ತಿಳಿಸುವದು, ಇವೂ ಪಾಠಗಳೇ. ತನ್ನ ಅಂಗಿಯನ್ನು ತಾನೇ ತೊಟ್ಟುಕೊಂಡ ಮಗುವಿನ ಮುಖದಲ್ಲಿ ಮೂಡುವ ಗೆಲವು ಪರೀಕ್ಷೆಯಲ್ಲಿ ಮೊದಲಿಗನಾದವನ ಗೆಲವಿಗೆ ಕಡಿಮೆಯದಲ್ಲ.

ಆದರೆ ಆ ಶಿಕ್ಷಕಿಯು ನೋಡಿಕೊಳ್ಳಬೇಕಾದ ಮನೆಗಳು ಹಲವು, ಊರುಗಳು ಹಲವು. ಆಕೆ ನಿಮ್ಮ ಮನೆಗೆ ದಿನಾಲು ಬರಲಾರಳು. ಆಕೆ ಬಾರದ ದಿನಗಳಲ್ಲಿ ಪಾಠ ನಿಂತುಹೋದರೆ, ಕಲಿತದ್ದು ಎರಡು ದಿನದಲ್ಲಿ ಅಳಿಸಿಹೋಗುವದು. ಆದುದರಿಂದ ಗೃಹಾಧಾರಿತ ಶಿಕ್ಷಣದ ಜೀವಾಳವು ಶಿಕ್ಷಕಿ ತೋರಿಸಿಹೋದುದನ್ನು ತಾಯಿ, ಅಜ್ಜಿ, ಅಕ್ಕ, ಅಣ್ಣಂದಿರು ದಿನವೂ ಮಾಡಿಸುವದರಲ್ಲಿದೆ. ಇದಕ್ಕೆ ಬೆಲೆಯ ಸಾಮಗ್ರಿ ಬೇಡ. ಜೋಳ ಹಸನು ಮಾಡುವಾಗ ಹತ್ತು ಕಾಳು ಎಣಿಸಿಡಲು ಹೇಳಿರಿ. ಕಡಲೆ, ಹೆಸರುಗಳನ್ನು ಬೆರೆಸಿ ಕೊಟ್ಟು ಬೇರೆಮಾಡಿಸಿರಿ. ಬೆರಳುಗಳ ಹಿಡಿತವೂ ಬರುವದು, ಎಣಿಕೆಯೂ ಬರುವದು. ರೊಟ್ಟಿ ಬಡಿಯುವಾಗ ಒಂದು ಹಿಟ್ಟಿನ ಉಂಡೆಯನ್ನು ಮಗುವಿನ ಕೈಗೂ ಕೊಡಿರಿ. ಗಜೇಂದ್ರಗಡದ ನೇಕಾರರ ಮನೆಗಳಲ್ಲಿ ಬಣ್ಣದ ನೂಲಿಗೆ ಕೊರತೆಯಿಲ್ಲ. ಕೆಂಪಾವದು, ಹಳದಿಯಾವದು ಎಂದು ಮಗ್ಗದ ಬಳಿಯಲ್ಲಿಯೇ ಕಲಿಸಬಹುದು. ಹೊತ್ತು ಮಾತ್ರ ಗೊತ್ತಾಗಿರಲಿ. ದಿನಕ್ಕೆ ಎರಡು ಸಲ ಕಾಲು ಕಾಲು ಗಂಟೆ ಮಾಡಿಸಿದರೂ ತಪ್ಪದೆ ಮಾಡಿಸುವದು ಮೇಲು. ಬೈದು ಕಲಿಸಿದ್ದು ನಿಲ್ಲದು. ನೆರೆಮನೆಯ ಮಗುವಿನೊಡನೆ ಹೋಲಿಸಿದರಂತೂ ಇದ್ದ ಉತ್ಸಾಹವೂ ಉಡುಗುವದು.

ಮನೆಯ ದುಡಿಮೆ, ಹೊಲದ ದುಡಿಮೆ ಎರಡನ್ನೂ ಹೊತ್ತ ತಾಯಿಗೆ ಇದೊಂದು ಹೊರೆಯೇ ಸರಿ. ಆ ಹೊರೆಯನ್ನು ಅವಳೊಬ್ಬಳ ತಲೆಗೇ ಕಟ್ಟುವದು ನ್ಯಾಯವಲ್ಲ. ತಂದೆಯು ಸಂಜೆ ಕಟ್ಟೆಗೆ ಹೋಗುವ ಮುನ್ನ ಕಾಲು ಗಂಟೆ ಮಗುವಿನ ಹತ್ತಿರ ಕೂಡ್ರಬಾರದೇಕೆ?

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಬೇಕು. ಮನೆಯ ಪಾಠವೆಂದರೆ ಮಗುವನ್ನು ಮನೆಯಲ್ಲಿ ಮುಚ್ಚಿಡುವದಲ್ಲ. ಗಾಲಿಕುರ್ಚಿ, ಇಳಿಜಾರು ಮೆಟ್ಟಲು, ಶ್ರವಣಯಂತ್ರ, ಕನ್ನಡಕ, ಇಷ್ಟರಿಂದ ಶಾಲೆಗೆ ಹೋಗಬಲ್ಲ ಮಗುವನ್ನು ಮನೆಯಲ್ಲಿ ಕೂಡ್ರಿಸುವದು ತಪ್ಪು. ಹೋಗಲಾರದ ಮಗುವನ್ನೂ ಶಾಲೆಯ ಹಬ್ಬ, ಧ್ವಜವಂದನೆಗಳ ದಿನ ಒಯ್ದು ಓರಗೆಯವರೊಡನೆ ಕೂಡಿಸಬೇಕು. ಎರಡನೆಯದು: ಮನೆಗೆ ಬಂದು ಕಲಿಸಿರೆಂದು ಶಾಲೆಯ ಶಿಕ್ಷಕರಿಗೆ ಹಣ ಕೊಡಹೋಗಬಾರದು. ಶಾಲಾಶಿಕ್ಷಕರು ಖಾಸಗಿ ಪಾಠ ಹೇಳಕೂಡದೆಂದು 2009ರ ಕಾಯದೆಯ 28ನೆಯ ಕಲಮು ವಿಧಿಸಿದೆ.

ಮೈಯಲ್ಲಿ ಕೊರತೆಯಿಲ್ಲದೆಯೂ ಶಾಲೆಯೆಂದರೆ ನಡುಗುವ ಮಕ್ಕಳುಂಟು. ಮುಂಜಾನೆಯಾದೊಡನೆ ಹೊಟ್ಟೆನೋವು, ರಜೆಯ ದಿನ ನೋವಿಲ್ಲ. ಇದನ್ನು ಸೋಗೆಂದು ಹೊಡೆದಟ್ಟಿದರೆ ಭಯವು ಇಮ್ಮಡಿಸುವದು. ಮುದ್ದಿಸಿ ತಿಂಗಳುಗಟ್ಟಲೆ ಮನೆಯಲ್ಲಿಟ್ಟುಕೊಂಡರೆ ಭಯವು ಬೇರೂರುವದು. ಹಲಗೆಯ ಅಕ್ಷರ ಕಾಣುವದೋ, ಮಾಸ್ತರರ ಮಾತು ಕೇಳುವದೋ, ಯಾರಾದರೂ ಪೀಡಿಸುವರೋ ಎಂದು ಮೊದಲು ವಿಚಾರಿಸಬೇಕು. ಬಿಟ್ಟುಹೋದ ಪಾಠವನ್ನು ಮನೆಯಲ್ಲಿ ಹೇಳಿಕೊಟ್ಟು, ಒಂದು ದಿನ ಶಾಲೆಯ ಬಾಗಿಲ ವರೆಗೆ, ಮತ್ತೊಂದು ದಿನ ಪ್ರಾರ್ಥನೆಯ ವರೆಗೆ, ಮುಂದೆ ಅರ್ಧ ದಿನ ಎಂದು ಮೆಲ್ಲನೆ ಒಯ್ಯಬೇಕು.

ವಯಸ್ಸು ಮೀರಿತೆಂದು ಕೈಚೆಲ್ಲುವ ಕಾರಣವೂ ಇಲ್ಲ. 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ 14 ತುಂಬಿದವರು ಹೆಸರು ಹಚ್ಚಿ, ಮನೆಯಲ್ಲಿಯೇ ಓದಿ, ಹತ್ತನೆಯ ತರಗತಿಯ ವಿಷಯಗಳನ್ನು ಒಂದೊಂದಾಗಿ ಐದು ವರ್ಷಗಳೊಳಗೆ ಮುಗಿಸಬಹುದು.

ದೂರದ ದೃಷ್ಟಾಂತವೇಕೆ? ಗದಗಿನ ವೀರೇಶ್ವರ ಪುಣ್ಯಾಶ್ರಮವು ಜಿಲ್ಲೆಯ ನಡುವೆಯೇ ಇದೆ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು (1892–1944) ಅಂಧರೂ ಅನಾಥರೂ ಆದ ಮಕ್ಕಳನ್ನು ಕೂಡಿಸಿ, ಅನ್ನವಿಕ್ಕಿ, ಸಂಗೀತ ಕಲಿಸಿದರು. ಎಳೆತನದಲ್ಲಿಯೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು (1914–2010) ಅವರ ಕೈಯಲ್ಲಿ ಬೆಳೆದು, ಹಲವು ವಾದ್ಯಗಳಲ್ಲಿ ನಿಪುಣರಾಗಿ, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥಗಳನ್ನು ರಚಿಸಿ, 2010ರಲ್ಲಿ ಪದ್ಮಭೂಷಣರಾದರು. ಎಲ್ಲ ಮಕ್ಕಳೂ ಗವಾಯಿಗಳಾಗರು, ಆಗಬೇಕಾಗಿಯೂ ಇಲ್ಲ. ಯಾವ ದ್ವಾರದಿಂದ ಮಗುವಿನೊಳಗೆ ವಿದ್ಯೆ ಹೊಗುವದೆಂದು ಹುಡುಕುವ ಗುರುವೊಬ್ಬ ಬೇಕೆಂಬದಷ್ಟೇ ಇದರ ತಾತ್ಪರ್ಯ.

ಕೊರೊನಾ ಬೇನೆಯಿಂದ ಶಾಲೆಗಳು ಮುಚ್ಚಿದ್ದ 2020ರ ಆಗಸ್ಟಿನಲ್ಲಿ ವಿದ್ಯಾಗಮವೆಂಬ ಕಾರ್ಯಕ್ರಮದಿಂದ ಶಿಕ್ಷಕರು ಗುಡಿಯ ಕಟ್ಟೆಗೂ ಮರದ ನೆರಳಿಗೂ ಬಂದು ಕಲಿಸಿದರು. ಅಕ್ಟೋಬರದಲ್ಲಿ ಅದು ನಿಂತಿತಾದರೂ, ಶಾಲೆಯು ಮಗುವಿನ ಓಣಿಗೆ ಬರಬಲ್ಲದೆಂಬದು ಅಂದು ಸಿದ್ಧವಾಯಿತು. ಎಲ್ಲ ಮಕ್ಕಳಿಗಾಗಿ ಕೆಲವು ದಿನ ಮಾಡಿದುದನ್ನು ಕೆಲವೇ ಮಕ್ಕಳಿಗಾಗಿ ಎಲ್ಲ ದಿನ ಮಾಡುವದು ಅಸಾಧ್ಯವಲ್ಲ.

ಆದುದರಿಂದ, ಓದುವ ತಾಯಂದಿರೇ, ನಿಮ್ಮ ಮನೆಯಲ್ಲಿ ಅಂತಹ ಮಗುವಿದ್ದರೆ ಮುಚ್ಚಿಡಬೇಡಿರಿ. ನಿಮ್ಮ ಮನೆಯಲ್ಲಿಲ್ಲದೆ ನೆರೆಮನೆಯಲ್ಲಿದ್ದರೆ ಆ ತಾಯಿಗೆ ಈ ಸಂಗತಿಯನ್ನು ತಿಳಿಸಿರಿ. ಅವಳು ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಹೋಗುವ ದಿನ ಜೊತೆಗೆ ಹೋಗಿರಿ. ನಿಮ್ಮ ಮಗುವನ್ನು ಸಂಜೆಗೊಮ್ಮೆ ಆ ಮಗುವಿನೊಡನೆ ಆಡಲು ಕಳಿಸಿರಿ. ಶಿಕ್ಷಕಿಯು ಕಲಿಸಲಾರದ ಗೆಳೆತನವನ್ನು ಅದು ಕಲಿಸುವದು.